ಒಂದೇ ಉಸಿರಿನ ಡಿಸ್ಕು

"ನನ್ನಪ್ಪನ್ನ ಕೊಂದುಬಿಟ್ಟೆಯಲ್ಲೋ, ಪಾಪಿ!"

ಬಾಗಿಲು ಗೋಡೆಗೆ ಬಡಿದ ರಭಸಕ್ಕೆ ಅಂಗಡಿಯ ಗಾಜೆಲ್ಲ ಅದುರಿತು. ಒಳಗೆ ನುಗ್ಗಿದವಳು ಲಿರಿ. ಕೂದಲು ಬಿಚ್ಚಿಹೋಗಿತ್ತು, ಕೆನ್ನೆ ಕೆಂಪಾಗಿತ್ತು, ಬೆಟ್ಟದ ಕೇರಿಯಿಂದ ಬಂದರಿನ ಊರಾದ ವ್ಲೋರದ ಪೇಟೆಯವರೆಗೆ ಓಡಿಬಂದ ಏದುಸಿರು ಇನ್ನೂ ನಿಂತಿರಲಿಲ್ಲ.

ಕೈಯಲ್ಲಿದ್ದ ಸಿ.ಡಿ.ಯನ್ನು ಅವಳು ಮೇಜಿನ ಮೇಲೆ ಎಸೆದಳು. ಅದು ಗಿರಗಿರನೆ ತಿರುಗಿ, ಅರ್ಧ ಕುಡಿದಿಟ್ಟ ಕಾಫಿ ಬಟ್ಟಲಿಗೆ ತಾಗಿ ನಿಂತಿತು.

"ಈ ಡಿಸ್ಕ್ ಬರೆದೋನು ನೀನೇನಾ? ಬಾಯಿಬಿಡು!"

ಕಂಪ್ಯೂಟರಿನ ಮುಂದೆ ಕೂತಿದ್ದವನು ಕಿವಿಯಿಂದ ಹೆಡ್‌ಫೋನನ್ನು ನಿಧಾನವಾಗಿ ತೆಗೆದ. ಅವನೇ ಮರಾಶ್. ಉತ್ತರದ ಗುಡ್ಡಗಾಡಿನವನು. ವ್ಲೋರದಲ್ಲಿ ಅಂಗಡಿ ಹಾಕಿ ವರ್ಷವಾದರೂ ಊರಿನವರಿಗೆ ಇನ್ನೂ 'ಆ ಉತ್ತರದೋನು' ಅಷ್ಟೇ.

ಅವನು ಬಾಯಿ ತೆರೆದ. ಸತ್ತವರು ಎದ್ದು ಬಂದದ್ದನ್ನು ಕಂಡವನ ಹಾಗೆ ಅವಳನ್ನೇ ನೋಡುತ್ತ ಕೂತುಬಿಟ್ಟ.

'ಎಂಥ ನಾಚಿಕೆಗೆಟ್ಟವನು! ಹೀಗೂ ನೋಡ್ತಾರಾ?'

"ಇನ್ನೊಂದ್ಸಲ..." ಎಂದ ಕೊನೆಗೆ. "ಇನ್ನೊಂದ್ಸಲ ಮಾತಾಡ್ರಿ."

"ಏನು?"

"ಏನರ ಹೇಳ್ರಿ. ಬೇಕಾರ ಬೈರಿ. ಆದ್ರ ಮಾತಾಡ್ರಿ..."

"ತಲೆ ಕೆಟ್ಟಿದೆಯಾ ನಿಂಗೆ? ಅಲ್ಲಿ ನಮ್ಮಪ್ಪ ಸಾಯೋಕೆ ಕೂತಿದ್ದಾರೆ, ಇಲ್ಲಿ ನೀನು ತಮಾಷೆ ಮಾಡ್ತಿದ್ದೀಯಾ!"

ಸಿಟ್ಟಿನಲ್ಲಿ ಬಂದವಳು ಅತ್ತುಬಿಟ್ಟರೆ ಮರ್ಯಾದೆ ಹೋದಂತೆಯೇ. ಲಿರಿ ತುಟಿ ಕಚ್ಚಿಕೊಂಡು ಅಳುವನ್ನು ನುಂಗಿದಳು.

ಪಾಪ, ಅವಳ ಸಿಟ್ಟಿಗೂ ಅರ್ಥವಿತ್ತು.

ಲಿರಿಯ ಅಪ್ಪ ರಾಪೋ ಎಂದರೆ ಆ ಬೆಟ್ಟದ ಕೇರಿಗೆಲ್ಲ ಹಾಡಿನ ಯಜಮಾನ. ಅಲ್ಲಿಯವರ ಹಾಡು ಒಬ್ಬರದ್ದಲ್ಲ. ಒಬ್ಬ ಎತ್ತುತ್ತಾನೆ, ಇನ್ನೊಬ್ಬ ತಿರುಗಿಸುತ್ತಾನೆ, ಉಳಿದವರೆಲ್ಲ ಕಣ್ಣುಮುಚ್ಚಿ ಶ್ರುತಿ ಹಿಡಿದಂತೆ 'ಏ...' ಎಂದು ಒಂದೇ ಸ್ವರ ಹಿಡಿಯುತ್ತಾರೆ. ಅದೇ ಇಸೋ. ಒಬ್ಬ ಉಸಿರು ತೆಗೆದುಕೊಳ್ಳುವಾಗ ಪಕ್ಕದವನು ಹಿಡಿದಿರುತ್ತಾನೆ, ಆದ್ದರಿಂದ ಇಸೋಗೆ ಉಸಿರಿನ ಹಂಗಿಲ್ಲ. ಅದು ಕಡಿಯಲೇಬಾರದು.

ಆ ಕೇರಿಯಲ್ಲಿ ಇಸೋವನ್ನು ನಡುವೆ ನಿಲ್ಲಿಸುವುದು ಒಂದೇ ಒಂದು ಸಂದರ್ಭದಲ್ಲಿ. ಗುಂಪಿನ ಹಾಡುಗಾರ ಸತ್ತಾಗ. ಮಣ್ಣು ಮಾಡಿ ಬಂದು, ಅವನು ಎತ್ತುತ್ತಿದ್ದ ಹಾಡನ್ನೇ ಹಾಡಿ, ಅರ್ಧದಲ್ಲಿ ಗಪ್ಪನೆ ಬಿಟ್ಟುಬಿಡುತ್ತಾರೆ.

ಈಗ ರಾಪೋನ ಗಂಟಲಿಗೆ ಹುಣ್ಣು ಬಿದ್ದಿತ್ತು. ಕೆಟ್ಟ ಹುಣ್ಣು. ಕುಯ್ದು ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಇಟಲಿಯ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತ್ತು. ಇವತ್ತು ಸಂಜೆಯ ಹಡಗಿಗೆ ಟಿಕೆಟ್ಟೂ ಆಗಿತ್ತು. ಹೋಗುವ ಮುಂಚೆ ಕೊನೆಯ ಸಲ ಮನೆಯಲ್ಲಿ ಎಲ್ಲರೂ ಕೂತು ಹಾಡಿದ್ದನ್ನು ಚಿಕ್ಕಪ್ಪ ಜಾಫೆರ್ ಕ್ಯಾಸೆಟ್ಟಿಗೆ ಹಿಡಿದು, 'ಇದನ್ನ ಸಿ.ಡಿ. ಮಾಡಿಕೊಡಪ್ಪ' ಎಂದು ಈ ಅಂಗಡಿಗೆ ಕೊಟ್ಟಿದ್ದ.

ಬೆಳಿಗ್ಗೆ ಬೀಳ್ಕೊಡುಗೆಯ ಕಾಫಿಗೆ ಹಾಡುಗಾರರೆಲ್ಲ ಬಂದಿದ್ದರು. ಡಿಸ್ಕ್ ಹಾಕಿದರು. ರಾಪೋನ ದನಿ ಎದ್ದಿತು. ಮುದುಕರು ಕಣ್ಣುಮುಚ್ಚಿದರು. ಹಾಡು ನಡುವಿಗೆ ಬಂದಿತ್ತು ನೋಡಿ...

ಮೌನ!

ಎರಡೇ ಸೆಕೆಂಡು. ಆಮೇಲೆ ಹಾಡು ಮುಂದುವರಿಯಿತು. ಆದರೆ ಕೇಳುವವರು ಯಾರೂ ಉಳಿದಿರಲಿಲ್ಲ. ಹಾಡು ತಿರುಗಿಸುವ ಬಿಲ್‌ಬಿಲ್ ಅಜ್ಜ ಎದ್ದು ನಿಂತು, ತಲೆಯ ಮೇಲಿನ ಬಿಳಿ ಟೋಪಿಯನ್ನು ತೆಗೆದು ಎದೆಗೆ ಒತ್ತಿಕೊಂಡ.

"ಇಸೋ ಸತ್ತಿತು," ಎಂದ ಅಷ್ಟೇ.

ರಾಪೋನ ಮುಖ ಸುಣ್ಣವಾಯಿತು. ಅವನು ಕಟ್ಟಿಟ್ಟಿದ್ದ ಚೀಲವನ್ನು ಕಾಲಲ್ಲಿ ಮೂಲೆಗೆ ತಳ್ಳಿದ.

"ನಾನು ಎಲ್ಲೂ ಹೋಗಲ್ಲ. ಸಾಯೋದೇ ಆದರೆ ಪರದೇಶದಲ್ಲಿ ಯಾಕೆ ಸಾಯ್ಲಿ?"

ಮಧ್ಯಾಹ್ನದವರೆಗೂ ಬೇಡಿದರೂ ಕೇಳಲಿಲ್ಲ. ಆಗ ಲಿರಿ ಡಿಸ್ಕನ್ನು ಕಿತ್ತುಕೊಂಡು ಓಡಿದ್ದಳು.

ಇದನ್ನೆಲ್ಲ ಅವಳು ಹೇಳಿ ಮುಗಿಸುವ ಹೊತ್ತಿಗೆ ಮರಾಶ್ ಎದ್ದು ನಿಂತಿದ್ದ. ಅವನ ಬಣ್ಣವೂ ಇಳಿದಿತ್ತು.

"ಅಯ್ಯೋ... ಹಂಗಾತೇನ್ರಿ?"

"ಹಾಗೇ ಆಯ್ತು! ನಿಮ್ಮ ಕಡೆ ಒಬ್ಬೊಬ್ಬರೇ ಕೂತು ಒಂಟಿ ತಂತಿ ಮೀಟ್ತಾ ಹಾಡ್ಕೋತೀರಿ. ಇಸೋ ಅಂದರೆ ಏನು ಅಂತ ನಿಮಗೇನು ಗೊತ್ತು?"

"ಗೊತ್ತಿರ್ಲಿಲ್ರಿ. ಖರೇ ಹೇಳ್ತೀನಿ, ಗೊತ್ತಿರ್ಲಿಲ್ಲ." ಅವನು ಡಿಸ್ಕ್ ಬರೆಯುವ ಪೆಟ್ಟಿಗೆಯನ್ನು ತೋರಿಸಿದ. ಅಲ್ಲಲ್ಲಿ ಬಣ್ಣ ಕಿತ್ತುಹೋದ, ಇಟಲಿಯಿಂದ ಬಂದ ಹಳೇ ಮಾಲು. "ಇದು ಮುದುಕಾಗೈತಿ. ಡಿಸ್ಕ್ ಬರಿಯೂ ಸಾಫ್ಟ್‌ವೇರ್ ಹೊಸದು. ಇಡೀ ಡಿಸ್ಕನ್ನ ಒಂದೇ ಉಸಿರಿನ್ಯಾಗ ಬರಿಯಾಕ ಅದಕ್ಕ ಬರ್ತೈತಿ, ಈ ಮುದುಕಗ ಬರೂದಿಲ್ಲ. ಇಬ್ಬರಿಗೂ ಕೂಡೂದಿಲ್ಲ. ಹಾಡು ತುಂಡು ತುಂಡಾಗಿದ್ರ, ಒಂದು ತುಂಡು ಮುಗಿದ ಕೂಡ್ಲೇ ಇದು ಲೇಸರ್ ಆರಿಸಿ, ಉಸಿರು ತಗೊಂಡು, ಮುಂದಿಂದು ಬರೀತೈತಿ. ಅದ ಆ ಎರಡು ಸೆಕೆಂಡು."

"ಹಾಡು ಯಾಕೆ ತುಂಡಾಗಿತ್ತು?"

ಅವನು ಪೆಟ್ಟಿಗೆಯ ಮೇಲಿನ ಧೂಳು ಒರೆಸತೊಡಗಿದ.

"ಯಾಕೆ ತುಂಡು ಮಾಡಿದೆ ಅಂತ ಕೇಳಿದೆ!"

"ಎಲ್ಲಾ ಕೂಡಿಸಿ ಒಂದ ತುಂಡು ಮಾಡಿದ್ರ ಈ ಮುದುಕನೂ ಬರೀತಾನ್ರಿ. ನಡುವ ನಿಲ್ಲೂದಿಲ್ಲ," ಎಂದ ಅವನು ಮಾತು ತಪ್ಪಿಸಿ.

"ಹಾಗಾದ್ರೆ ಕೂಡಿಸು! ದಿನಾ ಮೂರು ಗಂಟೆಗೆ ಕರೆಂಟ್ ಹೋಗುತ್ತೆ. ಆಮೇಲೆ ಹಡಗು..."

ಮರಾಶ್ ಕುರ್ಚಿಗೆ ಕೂತ. ಪರದೆಯ ಮೇಲೆ ಹಾಡು ಎರಡು ಉದ್ದ ಪಟ್ಟಿಗಳಾಗಿ ಕಾಣಿಸಿತು. ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂಡಿಸಿ ಕೇಳಿಸಿದ. ಕೂಡಿದ ಜಾಗದಲ್ಲಿ ಇಸೋ ಎಡವಿದಂತೆ ಒಮ್ಮೆ ಹಾರಿತು.

ಲಿರಿಗೂ ಗೊತ್ತಾಯಿತು. ಇಲ್ಲೇನೋ ಕಮ್ಮಿಯಿದೆ. ಬಿಲ್‌ಬಿಲ್ ಅಜ್ಜನ ಕಿವಿ ಇದನ್ನು ಒಪ್ಪುವುದು ಸಾಧ್ಯವೇ ಇಲ್ಲ.

"ನಡುವೆ ಒಂದು ಚೂರು ತೆಗೆದಿದ್ದೀಯ. ಅಲ್ವಾ?"

"ಹೂಂ."

"ಎಲ್ಲಿದೆ ಅದು?"

"ನನ್ನ ಹತ್ರ ಐತಿ."

"ಹಾಕು ಮತ್ತೆ!"

"ಆಗೂದಿಲ್ರಿ."

ಲಿರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಆಗಲ್ವಾ? ಒಂದು ಚೂರು ಹಾಡಿಗೆ ನಮ್ಮಪ್ಪ ಸಾಯ್ಲಾ?"

"ಹಂಗನಬ್ಯಾಡ್ರಿ..."

"ಮತ್ತೆ ಏನನ್ನಲಿ? ಕಾಲು ಹಿಡಿಯಬೇಕಾ? ಹಿಡೀತೀನಿ!" ಅವಳು ನಿಜವಾಗಿಯೂ ಬಾಗಿದಳು. ಅವನು ಸರಕ್ಕನೆ ಹಿಂದೆ ಸರಿದ. ಅವನ ಕಣ್ಣಲ್ಲಿ ನೀರಿತ್ತು.

"ಬೇಸಾ ಕೊಟ್ಟೇನ್ರಿ! ಆ ಚೂರು ಯಾರಿಗೂ ಕೇಳಿಸೂದಿಲ್ಲ ಅಂತ ಮಾತು ಕೊಟ್ಟೇನಿ."

ಬೇಸಾ! ಕೊಟ್ಟ ಮಾತು. ಉತ್ತರದವನಾಗಲಿ ದಕ್ಷಿಣದವನಾಗಲಿ, ಆ ದೇಶದಲ್ಲಿ ಆ ಪದಕ್ಕೆ ಎದುರಿಲ್ಲ. ಲಿರಿಯ ಬೈಗುಳ ಬಾಯಲ್ಲೇ ಉಳಿಯಿತು.

"ಯಾರಿಗೆ ಕೊಟ್ಟಿದ್ದು?"

ಅವನು ಫೋನನ್ನು ಅವಳ ಕಡೆ ಸರಿಸಿದ.

"ಮನಿಗೆ ಹಚ್ಚಿ ನನಗ ಕೊಡ್ರಿ. ನಿಮ್ಮಪ್ಪಾರ್ನ ಕರೀರಿ."

ಅಪ್ಪನಾ?! ಲಿರಿ ನಂಬರ್ ಒತ್ತಿದಳು. ಚಿಕ್ಕಪ್ಪ ಜಾಫೆರ್ ಎತ್ತಿಕೊಂಡ, ಕೂಗಾಡಿದ, ಕೊನೆಗೆ ಅಣ್ಣನ ಕೈಗೆ ಕೊಟ್ಟ.

ಮರಾಶ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಯಜಮಾನ್ರ, ನಾನ್ರಿ, ಅಂಗಡಿ ಮರಾಶ್... ನಿಮ್ಮದೊಂದು ನನ್ನ ಹತ್ರ ಐತಿ. ಅಳಿಸು ಅಂದಿದ್ರಿ, ನನಗ ಅಳಿಸಾಕ ಆಗ್ಲಿಲ್ಲ. ತಪ್ಪಾತು. ಆದ್ರ ಯಾರಿಗೂ ಕೇಳಿಸಿಲ್ಲ... ಅದನ್ನ ಹಾಕದಿದ್ರ ಇಸೋ ಕೂಡೂದಿಲ್ಲ. ಹಾಕಿದ್ರ ನೀವು ಮುಚ್ಚಿಟ್ಟಿದ್ದು ಎಲ್ಲಾರ್ಗೂ ಗೊತ್ತಾಗ್ತೈತಿ... ಹೂಂ, ಅವರು ಇಲ್ಲೇ ಅದಾರ."

ಸ್ವಲ್ಪ ಹೊತ್ತು ಕೇಳಿಸಿಕೊಂಡ. ದನಿ ತಗ್ಗಿತು.

"ನಮ್ಮಪ್ಪ ಹೋದಾಗ ಅವರ ದನಿ ಎಲ್ಲೂ ಉಳೀಲಿಲ್ರಿ. ಕನಸಿನ್ಯಾಗ ಬಂದ್ರೂ ಬರೇ ತುಟಿ ಆಡಿಸ್ತಾರ, ಕೇಳೂದಿಲ್ಲ. ನಿಮ್ಮ ಮಗಳಿಗೆ ಹಂಗಾಗೂದು ಬ್ಯಾಡ. ನನ್ನ ಮಾತು ನನಗ ವಾಪಸ್ ಕೊಡ್ರಿ, ನಿಮಗ ಕೈ ಮುಗೀತೀನಿ."

ಮರಾಶ್ ಕಣ್ಣು ಒರೆಸಿಕೊಂಡು ಫೋನನ್ನು ಅವಳಿಗೆ ಕೊಟ್ಟ.

"ಮಗಳೇ..." ಅಪ್ಪನ ದನಿ ಒಣಗಿದ ಎಲೆ ತುಳಿದ ಹಾಗಿತ್ತು. "ಆ ಹುಡುಗನಿಗೆ ಬೈಬೇಡ. ಅವನ ಬಾಯಿ ಕಟ್ಟಿದವನು ನಾನೇ."

"ಯಾಕಪ್ಪಾ? ಏನಿದೆ ಅದರಲ್ಲಿ?"

"ಬಂದರಿಗೆ ತಗೊಂಡು ಬಾ. ಎಲ್ಲರೂ ಒಟ್ಟಿಗೆ ಕೇಳೋಣ. ಇಸೋ ಕಡೀದೇ ಇದ್ದರೆ ಹಡಗು ಹತ್ತುತೀನಿ. ಕಡಿದರೆ ಮನೆಗೆ ಬರ್ತೀನಿ. ಅಲ್ಲಿವರೆಗೂ ನೀನು ಅದನ್ನ ಕೇಳ್ಬಾರದು. ಆಯ್ತಾ?"

"ಆಯ್ತಪ್ಪಾ..."

ಫೋನ್ ಇಟ್ಟವಳು ಮರಾಶ್‌ನನ್ನು ನೋಡಿದಳು. ಬಂದಾಗಿನಿಂದ ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ಬೇಗ ಮಾಡಿ," ಎಂದಳು ಮೆಲ್ಲಗೆ. 'ನೀನು' ಹೋಗಿ 'ನೀವು' ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ಮರಾಶ್‌ಗೆ ಗೊತ್ತಾಯಿತು.

ಅವನು ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಕೂತ. ಲಿರಿ ಹಿಂದೆ ನಿಂತು ಪರದೆಯನ್ನಷ್ಟೇ ನೋಡುತ್ತಿದ್ದಳು. ಎರಡು ಪಟ್ಟಿಗಳ ನಡುವೆ ಅವನು ಒಂದು ಪುಟ್ಟ ಪಟ್ಟಿಯನ್ನು ತಂದು ಕೂರಿಸಿದ. ಅದರ ಮೇಲೆ ಬರೆದಿದ್ದ ಹೆಸರು ಅವಳ ಕಣ್ಣಿಗೆ ಬಿತ್ತು.

'ಆಕಿ.'

ಆಕಿ? ಯಾರವಳು? ಅಪ್ಪನ ಹಾಡಿನಲ್ಲಿ ಹೆಂಗಸಿಗೇನು ಕೆಲಸ?

ಕೇಳುವಷ್ಟರಲ್ಲಿ ಮರಾಶ್ ಎದ್ದು ಖಾಲಿ ಡಿಸ್ಕ್ ಹುಡುಕತೊಡಗಿದ. ಅಗ್ಗದ ಕಟ್ಟಿನಿಂದ ಒಂದನ್ನು ತೆಗೆದು ಹಾಕಿದ. ಪೆಟ್ಟಿಗೆ ಗರ್ರೆಂದಿತು, ಕೆಮ್ಮಿತು, ಡಿಸ್ಕನ್ನು ಉಗುಳಿತು.

"ಮುದುಕನ ನಖರಾ ನೋಡ್ರಿ. ಅಗ್ಗದ್ದು ಗಂಟಲಾಗ ಇಳಿಯೂದಿಲ್ಲ ಇವಗ."

ಇನ್ನೊಂದು ಹಾಕಿದ. ಅದನ್ನೂ ಉಗುಳಿತು. ಲಿರಿ ಗೋಡೆಯ ಗಡಿಯಾರ ನೋಡಿದಳು. ಮೂರಕ್ಕೆ ಹೆಚ್ಚು ಹೊತ್ತು ಉಳಿದಿರಲಿಲ್ಲ.

"ಒಳ್ಳೇದು ಒಂದೂ ಇಲ್ವಾ?"

ಮರಾಶ್ ಒಂದು ಕ್ಷಣ ನಿಂತ. ಆಮೇಲೆ ಮೇಜಿನ ಖಾನೆಯ ತಳದಿಂದ ಡಬ್ಬಿಯೊಂದನ್ನು ತೆಗೆದ. ಒಳಗೆ ಕಡುನೀಲಿ ಹೊಳಪಿನ ಒಂದೇ ಡಿಸ್ಕ್ ಇತ್ತು.

"ನನಗಂತ ಇಟ್ಕೊಂಡಿದ್ದೆ. ಇರ್ಲಿ."

ಪೆಟ್ಟಿಗೆ ಅದನ್ನು ಮರ್ಯಾದೆಯಿಂದ ನುಂಗಿತು. ಕೆಂಪು ದೀಪ ಮಿಟುಕಿತು. ಬರೆಯುವುದು ಶುರುವಾಯಿತು.

"ಇನ್ನ ಅಲುಗಾಡಬ್ಯಾಡ್ರಿ. ಮೌಸ್ ಮುಟ್ಟಬ್ಯಾಡ್ರಿ. ಬರಿಯೂದು ಮುಗಿಯೂ ತನಕ ಕಂಪ್ಯೂಟರ್ ಬ್ಯಾರೆ ಏನೂ ವಿಚಾರ ಮಾಡಬಾರದು. ಒಂದು ಗಳಿಗಿ ಮನಸ್ಸು ಆಕಡೆ ಹೋದ್ರ ಡಿಸ್ಕ್ ಹಾಳು."

ಇಬ್ಬರೂ ಕಲ್ಲಾದರು. ಆದರೆ ಲಿರಿಯ ಮನಸ್ಸು ಕಂಪ್ಯೂಟರಲ್ಲವಲ್ಲ!

"ಯಾರವಳು?" ಎಂದಳು ಪಿಸುದನಿಯಲ್ಲಿ.

"ಯಾರ್ರಿ?"

"ಆಕಿ!"

ಮರಾಶ್‌ನ ಕಿವಿ ಕೆಂಪಾಯಿತು. "ಹೇಳಾಕ ಬರೂದಿಲ್ಲ. ಬಂದರಿನ ತನಕ ಬ್ಯಾಡ ಅಂದಾರ ನಿಮ್ಮಪ್ಪ."

"ನಮ್ಮಪ್ಪನ ಕೊನೇ ಹಾಡಲ್ಲಿ ಯಾವಳೋ ಒಬ್ಬಳನ್ನ ಸೇರಿಸ್ತಿದ್ದೀರಿ, ನಾನು ಕೇಳಬಾರದಾ?"

"ಯಾವಳೋ ಅನಬ್ಯಾಡ್ರಿ ಆಕಿನ್ನ!"

ಪಿಸುಮಾತೇ ಆದರೂ ಅದರಲ್ಲಿ ನೋವಿತ್ತು. ಲಿರಿಗೆ ಎಲ್ಲೋ ಚುರುಕ್ಕೆಂದಿತು. 'ಅಷ್ಟೊಂದು ಇಷ್ಟಾನಾ ಅವಳು? ಇರ್ಲಿ ಬಿಡು, ನನಗೇನು?' ಎಂದುಕೊಂಡಳು. ನನಗೇನು ಎಂದುಕೊಂಡವಳಿಗೆ ಹೊಟ್ಟೆ ಯಾಕೆ ಉರಿಯಬೇಕು, ನೀವೇ ಹೇಳಿ!

"ಕಂಡಿದ್ದೀರಾ ಅವಳನ್ನ?"

"ಇವತ್ತಿನ ತನಕ ಕಂಡಿರ್ಲಿಲ್ಲ."

"ಕಾಣದೇನೇ..."

"ಹೂಂ. ಕಾಣದ."

ಟಕ್!

ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿತು. ಪಕ್ಕದ ಕಾಫಿ ಅಂಗಡಿಯ ರೇಡಿಯೋ ಸತ್ತಿತು. ಬೀದಿಯಲ್ಲೆಲ್ಲ ಕರೆಂಟಿನವರಿಗೆ ಶಾಪ ಶುರುವಾಯಿತು. ಮೂರು ಗಂಟೆ ಆಗುವ ಮುಂಚೆಯೇ ಹೋಗಿತ್ತು!

ಮೇಜಿನ ಕೆಳಗಿನ ಬ್ಯಾಟರಿ ಕೀಂ ಕೀಂ ಎಂದು ಅರಚತೊಡಗಿತು.

"ಎಷ್ಟು ಹೊತ್ತು ಬರುತ್ತೆ ಅದು?"

"ಹಳೇ ಬ್ಯಾಟರಿ. ಗೊತ್ತಿಲ್ರಿ..." ಮರಾಶ್ ಉಸಿರು ಹಿಡಿದು ಕೈ ಚಾಚಿ ಪರದೆಯ ಗುಂಡಿಯನ್ನು ಒತ್ತಿದ. ಪರದೆ ಕಪ್ಪಾಯಿತು. "ಇದು ಕುಡಿಯೂ ಕರೆಂಟರ ಉಳೀಲಿ. ಬರದು ಮುಗಿದ್ರ ಸಾಲೂದಿಲ್ಲ, ಡಿಸ್ಕ್ ಮುಚ್ಚಬೇಕು. ಮುಚ್ಚದಿದ್ರ ಬ್ಯಾರೆ ಯಾವ ಪ್ಲೇಯರ್‌ನ್ಯಾಗೂ ಹಾಡೂದಿಲ್ಲ."

ಈಗ ಎಷ್ಟು ಬರೆದಿದೆ, ಎಷ್ಟು ಉಳಿದಿದೆ, ಒಂದೂ ಕಾಣುವಂತಿರಲಿಲ್ಲ. ಇದ್ದದ್ದು ಆ ಪುಟ್ಟ ಕೆಂಪು ದೀಪ ಮಾತ್ರ. ಅದು ಮಿಟುಕುತ್ತಿತ್ತು. ಬ್ಯಾಟರಿ ಅರಚುತ್ತಿತ್ತು. ಅಪ್ಪನ ಜೀವ ಆ ದೀಪದಲ್ಲಿದೆ ಎಂದು ಲಿರಿಗೆ ಅನಿಸಿತು.

'ಆರಬೇಡ... ಆರಬೇಡವೋ... ನನಗಿರೋದು ಅವರೊಬ್ಬರೇ...'

ಭಯವಾದಾಗ ಲಿರಿಗೆ ಒಂದು ಅಭ್ಯಾಸವಿತ್ತು. ಚಿಕ್ಕವಳಿದ್ದಾಗ ಅಮ್ಮ ತೀರಿಕೊಂಡ ದಿನ ಬಂದದ್ದು. ಬಾಯಿ ಮುಚ್ಚಿದಂತೆಯೇ ಇರುತ್ತಿತ್ತು, ಗಂಟಲಿನೊಳಗಿಂದ ಸಣ್ಣಗೆ ಇಸೋ ಹೊರಡುತ್ತಿತ್ತು. ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಈಗಲೂ ಹೊರಟಿತು.

ಮರಾಶ್ ಕಣ್ಣು ಮುಚ್ಚಿದ.

ಏನೋ ಅನಿಸಿ ಲಿರಿ ನಿಲ್ಲಿಸಿದಳು. "ಏನು?"

"ನಿಲ್ಲಿಸಬ್ಯಾಡ್ರಿ," ಎಂದ ಅವನು, ಕಣ್ಣು ತೆರೆಯದೆ. "ದಯಮಾಡಿ... ನಿಲ್ಲಿಸಬ್ಯಾಡ್ರಿ."

ಬ್ಯಾಟರಿಯ ಅರಚಾಟ ಒಂದೇ ಸಮನೆ ಉದ್ದವಾಯಿತು. ಸಾಯುವ ಮುಂಚಿನ ಕೂಗು. ಲಿರಿ ಮರಾಶ್‌ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಉಗುರು ನಾಟಿತು. ಅವನು ಅಲುಗಾಡಲಿಲ್ಲ.

ಕೆಂಪು ದೀಪ ನಿಂತಿತು. ಪೆಟ್ಟಿಗೆಯ ತಟ್ಟೆ ಸರಕ್ಕನೆ ಹೊರಬಂತು. ನೀಲಿ ಡಿಸ್ಕ್ ಬೆಚ್ಚಗೆ ಹೊಳೆಯುತ್ತಿತ್ತು. ಅವನು ಅದನ್ನು ಎತ್ತಿಕೊಂಡನೋ ಇಲ್ಲವೋ, ಬ್ಯಾಟರಿ ಪೂರ್ತಿ ಸುಮ್ಮನಾಯಿತು.

"ಮುಚ್ಚಿತಾ? ಹೇಳಿ, ಮುಚ್ಚಿತಾ?"

"ಮುಚ್ಚಿದ್ರನ ಹೊರಗ ಕೊಡೂದು ಅದು... ಆದ್ರ ಕರೆಂಟ್ ಹೋಗೂ ಹೊತ್ತಿನ್ಯಾಗ ಎಡವಿತ್ತೋ ಏನೋ. ಪರೀಕ್ಷಾ ಮಾಡಾಕ ಕರೆಂಟಿಲ್ಲ. ನಡೀರಿ, ಬಂದರಿನ್ಯಾಗ ಗೊತ್ತಾಗ್ತೈತಿ."

"ನೀವೂ ಬರ್ತೀರಾ?"

"ಹಾಳಾಗಿದ್ರ ಬೈಸ್ಕೊಳ್ಳಾಕ ಒಬ್ರು ಬೇಕಲ್ರಿ."

ಅಂಥ ಹೊತ್ತಲ್ಲೂ ಲಿರಿಗೆ ನಗು ಬಂದುಬಿಟ್ಟಿತು.

ಬಂದರಿನಲ್ಲಿ ಹಡಗು ಬಾಯಿ ತೆರೆದು ಲಾರಿಗಳನ್ನು ನುಂಗುತ್ತಿತ್ತು. ಚಿಕ್ಕಪ್ಪ ಜಾಫೆರ್‌ನ ಹಳೇ ಬೆಂಜ್ ಕಾರು ಕಟ್ಟೆಯ ಪಕ್ಕ ನಿಂತಿತ್ತು, ನಾಲ್ಕೂ ಬಾಗಿಲು ತೆರೆದು. ಮುಂದಿನ ಸೀಟಿನಲ್ಲಿ ರಾಪೋ, ಕೊರಳಿಗೆ ಉಣ್ಣೆಯ ಬಟ್ಟೆ. ಸುತ್ತ ಹಾಡುಗಾರ ಮುದುಕರು. ಬಿಲ್‌ಬಿಲ್ ಅಜ್ಜನ ತಲೆ ಇನ್ನೂ ಬರಿದು. ಟೋಪಿ ಕೈಯಲ್ಲೇ ಇತ್ತು.

"ಇವನೇನಾ ಇಸೋ ಕೊಂದ ಉತ್ತರದೋನು?" ಎಂದ ಅಜ್ಜ.

"ಇವರೇ ಅಜ್ಜ. ಬದುಕಿಸಿದ್ರೋ ಇಲ್ವೋ ಕೇಳಿ ಹೇಳು," ಎಂದಳು ಲಿರಿ.

ಜಾಫೆರ್ ಡಿಸ್ಕನ್ನು ಕಾರಿನ ಪ್ಲೇಯರಿಗೆ ತಳ್ಳಿದ. ಒಳಗೆ ಅದು ತಿರುಗಿತು... ಹುಡುಕಿತು... ಮತ್ತೆ ತಿರುಗಿತು...

ಹಾಡಿತು!

ರಾಪೋನ ದನಿ ಎದ್ದಿತು. ಬಿಲ್‌ಬಿಲ್ ಅಜ್ಜನ ದನಿ ತಿರುಗಿಸಿತು. ಕೆಳಗೆ ಇಸೋ ತುಂಬಿಕೊಂಡು ಹರಿಯಿತು. ಲಾರಿಗಳ ಗದ್ದಲದ ನಡುವೆಯೂ ಕಾರಿನ ಸುತ್ತ ಯಾರೂ ಉಸಿರಾಡಲಿಲ್ಲ.

ಬೆಳಿಗ್ಗೆ ಮೌನ ಬಂದಿದ್ದ ಜಾಗ ಹತ್ತಿರವಾಯಿತು. ಲಿರಿ ಕೈ ಬಿಗಿದುಕೊಂಡಳು.

ಹಾಡಿನಲ್ಲಿ ರಾಪೋನ ದನಿ ಒಮ್ಮೆ ಬಿರಿಯಿತು. ಏಳಲು ನೋಡಿತು. ಬಿದ್ದಿತು. ಎತ್ತಿದ ಸಾಲು ಕೈಜಾರಿತು.

ಅಪ್ಪ ತಲೆ ತಗ್ಗಿಸಿದ. 'ಇದಕ್ಕೇ... ಇದನ್ನ ಮುಚ್ಚಿಡೋಕೆ...' ಎಂದುಕೊಂಡಳು ಲಿರಿ.

ಆದರೆ ಇಸೋ ನಿಲ್ಲಲಿಲ್ಲ. ಅದರ ಒಳಗಿಂದ, ಎಲ್ಲೋ ದೂರದಿಂದ, ಬಟ್ಟಲು ತೊಳೆಯುವ ಸಣ್ಣ ಸದ್ದಿನ ಜೊತೆ ಒಂದು ಹೆಣ್ಣುದನಿ ಬಂತು. ಬಿದ್ದ ಸಾಲನ್ನು ಅದು ಮೆತ್ತಗೆ ಎತ್ತಿಕೊಂಡಿತು. ಅವಸರವಿಲ್ಲದೆ ನಾಲ್ಕು ಹೆಜ್ಜೆ ಹೊತ್ತು ನಡೆಯಿತು. ಅಪ್ಪನ ದನಿ ಮತ್ತೆ ಎದ್ದು ಬಂದಾಗ ಅವನ ಕೈಗಿಟ್ಟು ಸುಮ್ಮನಾಯಿತು.

ಲಿರಿಯ ಕೈ ಬಾಯಿಗೆ ಹೋಯಿತು.

ಅದು ಅವಳದೇ ದನಿ! ಆ ದಿನ ಅಡುಗೆಮನೆಯಲ್ಲಿ ಕಾಫಿ ಬಟ್ಟಲು ತೊಳೆಯುತ್ತ, ಅಪ್ಪನಿಗೆ ಏನಾಗುತ್ತದೋ ಎಂಬ ಭಯದಲ್ಲಿ... ಹಾಡಿದ್ದಳೇ? ತನಗೇ ಗೊತ್ತಿಲ್ಲದೆ?

'ಆಕಿ...'

ಹಾಡು ಮುಗಿಯಿತು. ಎಲ್ಲೂ ಕಡಿಯಲಿಲ್ಲ. ಬಿಲ್‌ಬಿಲ್ ಅಜ್ಜ ಟೋಪಿಯನ್ನು ಝಾಡಿಸಿ ತಲೆಗಿಟ್ಟುಕೊಂಡ.

"ಬದುಕಿದೆ," ಎಂದ. "ನಲವತ್ತು ವರ್ಷ ಇವನ ಎದುರು ಹಾಡಿದೀನಿ, ಇಷ್ಟು ಚೆನ್ನಾಗಿ ಯಾವತ್ತೂ ಬಿದ್ದಿರಲಿಲ್ಲ ಈ ರಾಪೋ. ಏಳೋ, ಹಡಗು ಕಾಯ್ತಿದೆ!"

ಲಿರಿ ಅಪ್ಪನ ಮುಂದೆ ಮಂಡಿಯೂರಿದಳು. "ಯಾಕಪ್ಪಾ ಮುಚ್ಚಿಟ್ಟೆ? ನಾನು ಹಾಡಿದ್ದು ತಪ್ಪಾ?"

"ಹುಚ್ಚೀ..." ರಾಪೋ ಅವಳ ಕೆನ್ನೆ ಸವರಿದ. "ನಾನು ಬಿದ್ದಾಗ ಎತ್ತಿಕೊಂಡಿದ್ದು ನೀನು ಅಂತ ಗೊತ್ತಾದರೆ ಜೀವಮಾನವೆಲ್ಲ ನನ್ನ ಎತ್ತಿಕೊಂಡೇ ತಿರುಗ್ತೀಯ. ಬಂದ ಸಂಬಂಧಾನೆಲ್ಲ ನನ್ನ ಹೆಸರು ಹೇಳಿ ವಾಪಸ್ ಕಳಿಸಿದೋಳು ನೀನು. ಅದಕ್ಕೇ ಯಾರಿಗೂ ಹೇಳದೆ ಅಂಗಡಿಗೆ ಹೋಗಿ ಆ ಚೂರು ಅಳಿಸು ಅಂದೆ, ಕ್ಯಾಸೆಟ್ಟು ತಂದು ಒಲೆಗೆ ಹಾಕಿ, ಇವನ ಬಾಯಿ ಕಟ್ಟಿದೆ. ಎರಡೇ ಸೆಕೆಂಡಿಗೆ ಎಲ್ಲ ಬಯಲಾಯ್ತು ನೋಡು."

ಅವನು ಚೀಲ ಎತ್ತಿಕೊಂಡ. ಜಾಫೆರ್ ಜೊತೆಗೆ ಹೊರಟ. ರಾಪೋ ಡಿಸ್ಕನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಹಡಗಿನ ಮೆಟ್ಟಿಲಲ್ಲಿ ನಿಂತು ಮರಾಶ್ ಕಡೆ ನೋಡಿದ. ಕೈಯನ್ನು ಎದೆಯ ಮೇಲಿಟ್ಟುಕೊಂಡ ಅಷ್ಟೇ.

ಹಡಗು ಕೊಲ್ಲಿಯ ತಿರುವಿನಲ್ಲಿ ಮರೆಯಾಗುವವರೆಗೂ ಲಿರಿ ನೋಡುತ್ತ ನಿಂತಳು. ಮರಾಶ್ ಸ್ವಲ್ಪ ದೂರದಲ್ಲಿ ನಿಂತಿದ್ದ.

"ಆಕಿ ಅಂದರೆ... ನಾನೇನಾ?" ಎಂದಳು, ತಿರುಗದೆಯೇ.

"ಹೆಸರು ಗೊತ್ತಿರ್ಲಿಲ್ರಿ."

"ಅಳಿಸು ಅಂದಾಗ ಯಾಕೆ ಅಳಿಸಲಿಲ್ಲ?"

"ಅಳಿಸಾಕಂತನ ಕೂತೆ. ಕಡೀ ಸಲ ಒಮ್ಮೆ ಕೇಳೂಣು ಅಂತ ಹೆಡ್‌ಫೋನ್ ಹಾಕ್ಕೊಂಡೆ... ಆಮ್ಯಾಲೆ ದಿನಾ ಕೇಳಿದೆ. ಮಧ್ಯಾಹ್ನ ನೀವು ಬಾಗಲಾ ಒದ್ದು ಬಂದಾಗ ಕಿವಿಯಾಗ ನೀವ ಇದ್ರಿ. ಕಣ್ಣು ತೆರದ್ರ ಎದುರಿಗೂ ನೀವ! ನಾ ಏನ್ ಮಾಡ್ಲಿ?"

ಲಿರಿ ತಿರುಗಿದಳು. ಅವಳ ಕಣ್ಣು ತುಂಬಿತ್ತು, ತುಟಿಯ ಮೇಲೆ ನಗುವಿತ್ತು.

"ಲಿರಿ," ಎಂದಳು. "ನನ್ನ ಹೆಸರು ಲಿರಿ."

ತಿಂಗಳು ಕಳೆದು ರಾಪೋ ಅದೇ ಕಟ್ಟೆಗೆ ಬಂದಿಳಿದ. ಬಡಕಲಾಗಿದ್ದ, ಕೊರಳಿಗೆ ಬಿಳಿ ಪಟ್ಟಿಯಿತ್ತು, ಆದರೆ ತನ್ನ ಕಾಲ ಮೇಲೆ ನಡೆದು ಬಂದ. ಜೀವ ಉಳಿದಿತ್ತು. ದನಿ ಉಳಿದಿರಲಿಲ್ಲ.

ಮುದುಕರು ಅವನ ಸುತ್ತ ಅರ್ಧ ವೃತ್ತವಾಗಿ ನಿಂತರು. ರೂಢಿಯಂತೆ ಬಿಲ್‌ಬಿಲ್ ಅಜ್ಜ ಎತ್ತುವವನ ಕಡೆ ನೋಡಿದ. ರಾಪೋ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ಆಗ ಅವನು ಕೈ ಚಾಚಿ ಮಗಳನ್ನು ತೋರಿಸಿದ.

ಲಿರಿ ಒಂದು ಕ್ಷಣ ಅಪ್ಪನ ಕಣ್ಣನ್ನೇ ನೋಡಿದಳು. ಆಮೇಲೆ ಎತ್ತಿದಳು. ಈ ಸಲ ಗೊತ್ತಿದ್ದೇ ಎತ್ತಿದಳು, ಬಂದರಿಗೆಲ್ಲ ಕೇಳುವಂತೆ. ಅಜ್ಜ ತಿರುಗಿಸಿದ. ಇಸೋ ಹೊಮ್ಮಿತು. ಆ ಇಸೋದಲ್ಲಿ ಒಂದು ಹೊಸ ದನಿ ಸ್ವಲ್ಪ ಸೊಟ್ಟಗೆ, ಸ್ವಲ್ಪ ಒರಟಾಗಿ ಸೇರಿಕೊಂಡಿತ್ತು. ಉತ್ತರದ ದನಿ. ಬಿಲ್‌ಬಿಲ್ ಅಜ್ಜ ಮುಖ ಹಿಂಡಿದ, ಆದರೆ ನಿಲ್ಲಿಸು ಎನ್ನಲಿಲ್ಲ.

ಹಾಡು ಮುಗಿದು ಎಲ್ಲರೂ ಕಾರಿನ ಕಡೆ ನಡೆದಾಗ ಅವರಿಬ್ಬರೂ ಹಿಂದುಳಿದರು.

"ನೀನು ಹಿಡಿದಿದ್ದು ಇಸೋನಾ, ಹಡಗಿನ ಸೈರನ್ನಾ?" ಎಂದಳು ಲಿರಿ. ಮೊದಲ ದಿನ ಸಿಟ್ಟಿನಲ್ಲಿ ಅಂದಿದ್ದ 'ನೀನು' ತಿರುಗಿ ಬಂದಿತ್ತು. ಆದರೆ ಅದು ಬೇರೆಯೇ 'ನೀನು' ಆಗಿತ್ತು.

"ಕಲಿಯಾಕತ್ತೇನಿ."

"ನಾನು ಎತ್ತಿಬಿಟ್ಟಿದ್ದೀನಿ, ಮರಾಶ್. ತಿರುಗಿಸೋಕೆ ಬರುತ್ತಾ ನಿಂಗೆ?"

"ಇಲ್ಲ ಲಿರಿ. ಅದಕ್ಕ ಭಾಳ ವರ್ಷ ಬೇಕು ಅಂತಾರ ಅಜ್ಜ."

"ಅಲ್ಲಿವರೆಗೂ ಏನು ಮಾಡ್ತೀಯ?"

ಅವನು ಅವಳ ಕೈ ಹಿಡಿದುಕೊಂಡ.

"ಇಸೋ ಹಿಡ್ಕೋತೀನಿ. ನೀ ಉಸಿರು ತಗೋ... ನಾ ಬಿಡೂದಿಲ್ಲ."